ರೇಣುಕಾ ಗೇಟಿನ ತನಕ ಹೋದದ್ದು

ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಅಂಟಿನ ಉಂಡೆ ಕಟ್ಟುತ್ತಿದ್ದಾರೆ. ತುಪ್ಪದಲ್ಲಿ ಅಂಟು ಅರಳುವ ವಾಸನೆ ಗೋಡೆ ದಾಟಿ ಬಂತು. ನಿಮಗೆ ಬಾಯಲ್ಲಿ ನೀರೂರಬಹುದು; ನನಗೆ ರಾಯಾಪುರದ ಆ ಆಶ್ರಯದ ಮನೆ ನೆನಪಾಗುತ್ತದೆ. ಬಸುರಿಯಾದ ಚಿಕ್ಕ ಹುಡುಗಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ನಾನಲ್ಲಿ ಅಡುಗೆಯವಳು. ಓದು ಎರಡನೇ ಇಯತ್ತೆ. ಬಾಯಿ ಮಾತ್ರ ದೊಡ್ಡದು.

ಅಲ್ಲಿಯ ಮೇಡಂ ಪ್ರತಿ ಸೋಮವಾರ ಹುಡುಗಿಯರನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು, ನಿಮ್ಮ ಗುರಿ ಏನು ಎಂದು ಕೇಳುತ್ತಿದ್ದರು. ಸಾಹೇಬರು ತಪಾಸಣೆಗೆ ಬಂದರೇನೋ ಎಂಬಂತೆ ಅವು ನರ್ಸ್, ಟೀಚರ್, ಪೊಲೀಸ್ ಎಂದು ಒದರುತ್ತಿದ್ದವು.

"ಅದು ಇರಲಿ, ಬರೂ ಶನಿವಾರದೊಳಗ ಏನ್ ಮಾಡ್ತಿ ಹೇಳು," ಎನ್ನುತ್ತಿದ್ದರು ಮೇಡಂ. ಆಗ ಎಲ್ಲವಕ್ಕೂ ನನ್ನ ಬೆಳ್ಳುಳ್ಳಿ ಸುಲಿಯುವ ಕೆಲಸ ನೆನಪಾಗುತ್ತಿತ್ತು.

ಉಪ್ಪಿನಬೆಟಗೇರಿ ಕಡೆಯ ರೇಣುಕಾಗೆ ಹತ್ತನೆಯ ಪರೀಕ್ಷೆ ಬರೆಯಬೇಕಿತ್ತು. ಆದರೆ ಹೊಟ್ಟೆ ಹೊತ್ತು ಅಷ್ಟು ಮಕ್ಕಳ ನಡುವೆ ಕೂಡುವುದು ಹೇಗೆ? ಬಂದಾಗಿನಿಂದ ಅಂಗಳಕ್ಕೂ ಇಳಿದವಳಲ್ಲ. ಒಂದು ಸೋಮವಾರ, ಈ ವಾರ ಸಾಲೆಯ ಬಸ್ ಹತ್ತುತ್ತೇನೆ ಎಂದಳು. ಬಸ್ ಸ್ಟ್ಯಾಂಡಿನ ಅರ್ಧ ದಾರಿಯಿಂದಲೇ ಅಳುತ್ತ ಹಿಂದಿರುಗಿದಳು.

"ಗುರಿ ದೊಡ್ಡದಾತು, ಕಡಿಮಿ ಮಾಡೋಣು," ಎಂದರು ಮೇಡಂ. "ಈ ವಾರ ಗೇಟಿನ ತನಕ."

ನನಗೆ ತಡೆಯಲಾಗಲಿಲ್ಲ. "ಅದೂ ಒಂದು ಗುರಿ ಏನ್ರಿ? ನಮ್ಮ ಬೆಕ್ಕು ದಿನಾ ಹೋಗಿ ಬರತೈತಿ."

"ಬೆಕ್ಕಿಗೆ ಮಂದಿ ಏನೂ ಅನ್ನೂದಿಲ್ಲಬೇ ಆಯಿ," ಎಂದಳು ರೇಣುಕಾ. ನಾನು ಮುಂದಿನ ರೊಟ್ಟಿ ಬಡಿದೆ.

ಗೇಟಿನಲ್ಲಿ ಸಿಕ್ಕವನು ತರಕಾರಿ ಗಾಡಿಯ ಹುಸೇನಸಾಬ. "ಏನವಾ, ಯಾವಾಗ ಹಡೀತಿ?" ಎಂದು ಕೇಳಿಯೇಬಿಟ್ಟ. ಕಿಟಕಿಯಲ್ಲಿ ನಿಂತಿದ್ದ ನಾನು, ರೇಣುಕಾ ಒಳಗೆ ಓಡಿ ಬರುತ್ತಾಳೆ ಎಂದುಕೊಂಡೆ.

"ಪರೀಕ್ಷಾ ಮುಗಿಸಿ ಹಡೀತೇನಿ ಕಾಕಾ. ಮದಲ ಛಲೋ ಕೊತ್ತಂಬರಿ ಕೊಡು," ಎಂದಳು.

ಮುಂದಿನ ವಾರ ಬಸ್ ಸ್ಟ್ಯಾಂಡ್. ಅದರ ಮುಂದಿನ ವಾರ ಬಸ್. ಪರೀಕ್ಷೆಯ ದಿನ ನಾನು ಬುತ್ತಿ ಹಿಡಿದು ಸಾಲೆಯ ಹೊರಗೆ ಕೂತಿದ್ದೆ. ಬೆವರುತ್ತ ಬಂದಳು.

"ಗಣಿತ ಹಾಳಾತಬೇ. ಆದ್ರ ಯಾರೂ ನನ್ನ ನೋಡ್ಲಿಲ್ಲ. ಎಲ್ಲಾರಿಗೂ ಅವರವರ ಚಿಂತಿ."

ಗಣಿತ ಮತ್ತೆ ಕಟ್ಟಿ ಪಾಸಾದಳು. ಹೆಣ್ಣು ಹಡೆದಳು, ಅಂಟಿನ ಉಂಡೆ ನಾನೇ ಕಟ್ಟಿದೆ. ಈಗ ಅವಳಿಗೆ ಗೋಕುಲ ರಸ್ತೆಯ ಔಷಧದ ಅಂಗಡಿಯಲ್ಲಿ ಕೆಲಸ. ನನ್ನ ಮಂಡಿಯ ಮುಲಾಮು ತರುವುದು ಅಲ್ಲಿಂದಲೇ. ಮುಂದೇನು ಮಾಡ್ತಿ ಎಂದು ಮೊನ್ನೆ ಕೇಳಿದೆ.

"ಶನಿವಾರ ಮಗಳಿಗೆ ಸೈಕಲ್ ಕಲಸ್ತೇನಿ."

"ಆಮ್ಯಾಲೆ?"

"ಆಮ್ಯಾಲಿಂದು ಆಮ್ಯಾಲೆ."

ನಾಳೆ ಶನಿವಾರ. ಸೈಕಲ್ ಹಿಂದೆ ಓಡುವುದು ನನ್ನಿಂದಾಗದು. ಬೀದಿಯ ತುದಿಯಲ್ಲಿ ನಿಂತು ಇಬ್ಬರನ್ನೂ ಬೈಯಲು ಹೋಗುತ್ತೇನೆ.