ಮಾವನ ಹನ್ನೊಂದು ಶೇಂಗಾ ಬೀಜ

ಇವತ್ತು ಬೆಳಿಗ್ಗೆ ಫ್ರಿಜ್ಜಿನ ಹಿಂದೆ ಕಸ ಗುಡಿಸಲು ಹೋಗಿ ಏಳು ಸಲ ಸೀನಿದೆ. ಎಂಟನೆಯದು ಬರುವಷ್ಟರಲ್ಲಿ ಕಾರಣ ಕೈಗೆ ಸಿಕ್ಕಿತು: ಮುಚ್ಚಳ ಸಡಿಲವಾದ ಒಂದು ನಶ್ಯದ ಡಬ್ಬಿ. ನನ್ನ ಮಾವನದು. ನಿಮ್ಮಲ್ಲಿ ಯಾರಾದರೂ ನ್ಯೂಕ್ಲಿಯಸ್ಸಿನ ದೆಸೆಯಿಂದ ಹೆಂಡತಿಯ ಅಪ್ಪನನ್ನು ಎಂಟು ತಿಂಗಳು ಮನೆಯಲ್ಲಿ ಇಟ್ಟುಕೊಂಡಿದ್ದರೆ ಮುಂದಿನದನ್ನು ಓದಬೇಕಾಗಿಲ್ಲ.

ಮಾವ ಮೊಳಕಾಲ್ಮೂರಿನ ನೇಕಾರರು. ಚಳ್ಳಕೆರೆಯ ನಮ್ಮ ಮನೆಗೆ ಬಂದದ್ದು ಕಣ್ಣು ತೋರಿಸಲು, ನಾಲ್ಕು ದಿನಕ್ಕೆ. ಆಗ ನನಗೂ ಹೆಂಡತಿಗೂ ಮಾತು ನಿಂತು ಮೂರು ವಾರವಾಗಿತ್ತು. ಫ್ಯಾನು ಮೂರರಲ್ಲಿರಬೇಕೋ ಐದರಲ್ಲಿರಬೇಕೋ ಎಂಬಲ್ಲಿ ಶುರುವಾದದ್ದು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಮಂಚದ ಪಕ್ಕ ನೀಲಿ ಸೂಟ್‌ಕೇಸೊಂದು ತುಂಬಿಕೊಂಡು ನಿಂತಿತ್ತು. ಅಪ್ಪ ಹೊರಡುವ ದಿನ ಅವಳೂ ಹೊರಡುವವಳು. ತಿರುಗಿ ಬರುತ್ತಾಳೋ ಇಲ್ಲವೋ ಕೇಳಲು ನನಗೆ ಭಯ. ಕೇಳಬೇಕಾದರೆ ಮೊದಲು ಮಾತಾಡಬೇಕಿತ್ತಲ್ಲ.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಮನೆ ಒಡೆಯುತ್ತಿದ್ದ ಆ ವಾರವೇ, ನ್ಯೂಟ್ರಾನು ಜಾಸ್ತಿಯಾಗಿ ಇನ್ನೇನು ಒಡೆಯುವ ಪರಮಾಣು ನ್ಯೂಕ್ಲಿಯಸ್ಸುಗಳ ಬಗ್ಗೆ ಭಾಷಣ ಸಿದ್ಧಮಾಡಬೇಕಿತ್ತು. ಕೇಳುವವರು ಬೇರೆ ಯಾರೂ ಇಲ್ಲದೆ, ಮಾವ ಬಂದ ಮೂರನೆಯ ಸಂಜೆ ಅವರ ಮುಂದೆಯೇ ಅಭ್ಯಾಸಕ್ಕೆ ಕೂತೆ. ಅವರ ತಟ್ಟೆಯಲ್ಲಿದ್ದ ಹುರಿದ ಶೇಂಗಾ ಬೀಜದಲ್ಲಿ ಒಂಬತ್ತನ್ನು ನಡುವೆ ಗುಂಪು ಮಾಡಿ, ಎರಡನ್ನು ಅಂಚಿಗೆ ಸರಿಸಿದೆ.

"ಇದು ಲಿಥಿಯಂ ಹನ್ನೊಂದು ಮಾವ. ನಡುವೆ ಒಂದು ಗುಂಪು, ದೂರದಲ್ಲಿ ಅಲೆಯೋ ನ್ಯೂಟ್ರಾನು ಎರಡು. ಮೂರೂ ಸೇರಿದ್ರೇನೇ ಕಟ್ಟು ನಿಲ್ಲೋದು. ಒಂದನ್ನ ತೆಗೆದ್ರೆ ಉಳಿದೆರಡು ಜೊತೆಗಿರಲ್ಲ."

ಮಾವ ಅಷ್ಟರಲ್ಲಿ ಅಂಚಿನ ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡಿದ್ದರು. ಅದನ್ನು ಹೊರತೆಗೆದು, ಪಂಚೆಗೆ ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟರು. ಆಮೇಲೆ ಮಗಳಿದ್ದ ರೂಮಿನ ಕಡೆ ನೋಡಿದರು.

"ಹಂಗಾದ್ರೆ ನಾನು ಊರಿಗೆ ಹೋಗಂಗಿಲ್ಲ ಬಿಡ್ರಿ ಅಳಿಯಂದ್ರೆ."

"ಮೂರೂ ಇದ್ರೂ ಅದು ಕಣ್ಣು ಮಿಟುಕಿಸೋವಷ್ಟು ಹೊತ್ತೂ ಬಾಳಲ್ಲ ಮಾವ."

"ಅದ್ಕೇ ಹೋಗಂಗಿಲ್ಲ ಅಂದಿದ್ದು."

ಅಂದಿನಿಂದ ನಮ್ಮ ಮನೆಯಲ್ಲಿ ಲಿಥಿಯಂ ಕಾನೂನು ಜಾರಿಯಾಯಿತು. ನನ್ನ ಕಾಲೇಜು ತಟ್ಟೆಯ ಅಂಚಿನೊಳಗೇ ಬರುತ್ತದೆ, ಅಲ್ಲಿಗೆ ನಾನೊಬ್ಬನೇ ಹೋಗಬಹುದು ಎಂದು ಮಾವ ಒಪ್ಪಿಕೊಂಡರು. ಮಿಕ್ಕ ಕಡೆಗೆಲ್ಲ ಮೂವರೂ ಒಟ್ಟಿಗೆ ಹೋಗಬೇಕು. ಬಸ್‌ಸ್ಟ್ಯಾಂಡಿನ ಅಂಗಡಿಗೆ ನಶ್ಯ ತರಲು ಒಂದೇ ಆಟೋದಲ್ಲಿ ಮೂವರು. ಕಣ್ಣಿನ ಡಾಕ್ಟರು "ಪೇಷಂಟ್ ಯಾರು?" ಎಂದಾಗ ಮಾವ "ಮೂವರೂ ಅನ್ಕಳ್ರಿ" ಎಂದರು. ನನಗೆ ಅವಮಾನವಾಗಬೇಕಿತ್ತು. ಸೂಟ್‌ಕೇಸು ಇದ್ದಲ್ಲೇ ಇದೆಯಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಹೀಗೇ ಒಂದು ಭಾನುವಾರ ಮಾವನ ಗಡ್ಡಕ್ಕೆಂದು ಕಟಿಂಗ್ ಶಾಪಿಗೆ ಹೋದೆವು. ಹೆಂಗಸು ಒಳಬಂದದ್ದು ಕಂಡು ಅಲ್ಲಿದ್ದ ಗಂಡಸರೆಲ್ಲ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು, ಕುರ್ಚಿಯಲ್ಲಿ ನೊರೆ ಮೆತ್ತಿಸಿಕೊಂಡ ಮಾವ. ಸುಮಾರು ಹೊತ್ತಾದ ಮೇಲೆ ಅವಳು ಮೇಲೆ ನೋಡುತ್ತಾ ಕೇಳಿದಳು:

"ರೀ, ಆ ಫ್ಯಾನು ಎಷ್ಟರಾಗೈತೆ ನೋಡ್ರಿ."

ನಾನು ಎದ್ದುಹೋಗಿ ನೋಡಿ ಬಂದೆ. "ನಾಲ್ಕರಲ್ಲಿ."

"ಚಂದ ಐತೆ ಗಾಳಿ," ಎಂದಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು. ಪೌಡರಿನ ಘಾಟು ಎಂದು ಹೇಳಿಕೊಂಡೆ.

ಮಾವ ಅವತ್ತೇ ಹೊರಡಲಿಲ್ಲ. ಮನೆಯ ಫ್ಯಾನೂ ನಾಲ್ಕಕ್ಕೆ ಬಂತು; ಆ ಗಾಳಿಯಲ್ಲಿ ಅವಳ ಸೀರೆಗಳು ಒಂದೊಂದಾಗಿ ಬೀರುವಿಗೆ ವಾಪಸಾಗಲು ತಿಂಗಳುಗಳೇ ಹಿಡಿದವು. ಸೂಟ್‌ಕೇಸಿನಿಂದ ಕೊನೆಯ ಸೀರೆ ಹೊರಬಂದ ಮರುದಿನ ಮಾವ, ಮಗ್ಗ ಹಾಳಾಗುತ್ತದೆಂದು ನೆಪ ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ನಾವಿಬ್ಬರೂ ಮನೆಗೆ ಬಂದು, ಒಡೆಯುತ್ತೇವೇನೋ ಎಂದು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದೆವು. ಆಮೇಲೆ ಅವಳು ಎದ್ದು ಅನ್ನಕ್ಕಿಟ್ಟಳು.

ಡಬ್ಬಿ ಕೈಯಲ್ಲಿ ಹಿಡಿದೇ ಈಗ ಮಾವನಿಗೆ ಫೋನು ಮಾಡಿದೆ.

"ನಿಮ್ಮ ನಶ್ಯದ ಡಬ್ಬಿ ಇಲ್ಲೇ ಬಿಟ್ಟೋಗಿದ್ರಿ ಮಾವ."

"ಗೊತ್ತೈತೆ. ತಿರುಗಿ ಬರಾಕೆ ಒಂದು ನೆಪ ಬೇಕಲ್ಲ. ಆ ನೀಲಿ ಸೂಟ್‌ಕೇಸು ಎಲ್ಲೈತೆ?"

"ಅಟ್ಟದ ಮೇಲೈತೆ. ನನ್ನ ಹಳೇ ನೋಟ್ಸು ತುಂಬಿದಾಳೆ."

ಆ ಕಡೆಯಿಂದ ದೊಡ್ಡದೊಂದು ಸೀನು ಕೇಳಿಸಿತು. "ಹಂಗಾದ್ರೆ ಇನ್ಮ್ಯಾಲೆ ನಾಲ್ಕೇ ದಿನಕ್ಕೆ ಬರ್ತೀನಿ."

"ನಾಲ್ಕು ದಿನ ಸಾಲಲ್ಲ ಮಾವ," ಎಂದೆ.