ಅಳಿಸಿದ ನಾಲ್ಕು ಸಂದೇಶಗಳು

ಪುಣೆಯ ಕನ್ನಡ ಶಾಲೆಯೊಂದರಲ್ಲಿ ನಾನು ಮಾಸ್ತರನಾಗಿದ್ದಾಗ ಆರತಿ ಐದನೆಯ ಇಯತ್ತೆಯಲ್ಲಿದ್ದಳು. ಅವಳ ಅಕ್ಷರಗಳು ದುಂಡಗಿದ್ದವು. ಆದರೆ ಒಂದು ಸಾಲು ಬರೆದರೆ ಮೂರು ಸಲ ರಬ್ಬರಿನಿಂದ ಉಜ್ಜುವಳು. ವರ್ಷದ ಕೊನೆಗೆ ವಹಿಯ ತುಂಬ ತೂತುಗಳು. "ತಪ್ಪಿದರೆ ತಪ್ಪಲಿ, ಮುಂದಿನದು ಬರಿ" ಎಂದರೆ ಕಣ್ಣಲ್ಲಿ ನೀರು ತರುವಳು.

ಈಗ ಅವಳಿಗೆ ಇಪ್ಪತ್ತೆರಡು ವರ್ಷ. ಕೋಥರೂಡದ ಚಷ್ಮಾದ ಅಂಗಡಿಯೊಂದರಲ್ಲಿ ಕೆಲಸ. ಚಷ್ಮಾ ತಯಾರಾಯಿತೆಂದು ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ತಿಳಿಸುವುದು, ಅವರು ಕೇಳಿದ್ದಕ್ಕೆ ಉತ್ತರ ಬರೆಯುವುದು ಅವಳ ಪಾಲಿಗೆ ಬಂದಿದೆ. ಬೆರಳು ಓಡಿದಷ್ಟು ಅವಳ ನಾಲಿಗೆ ಓಡದು. ಫೋನು ಬಂದರೆ ಅದು ನಿಲ್ಲುವವರೆಗೆ ನೋಡುತ್ತ ಕುಳಿತು, ಆಮೇಲೆ ‘ಏನು?’ ಎಂದು ಬರೆದು ಕಳಿಸುವಳು. ಅವಳ ತಾಯಿ ಯಮನವ್ವ ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ಓದು ಬಾರದವಳು. ಈಗ ನಮ್ಮ ಸೊಸೈಟಿಯ ಮೆಟ್ಟಿಲು ಗುಡಿಸುತ್ತಾಳೆ.

ಕಳೆದ ತಿಂಗಳು ಒಂದು ದಿನ ಯಮನವ್ವ ಕಸಬರಿಗೆ ಹಿಡಿದೇ ನಮ್ಮ ಬಾಗಿಲಿಗೆ ಬಂದಳು.

"ಮಾಸ್ತರ್ರ, ರವಿವಾರ ಮೊಮ್ಮಗಳನ್ನ ತೊಟ್ಟಲದಾಗ ಹಾಕೋದು ಅದ. ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ. ಆರತಿನೇ ಬರಂಗಿಲ್ಲ ಅಂತಾಳ. ಅಕಿ ಬರದಿದ್ರ ಬಾಜೂ ಮನಿ ಇಂದೂನ ಕೂಡ್ರಸ್ತೀನಿ ಅಂತಾನ ಇವ. ನಿಮ್ಮ ಹುಡುಗಿಗಿ ನೀವರ ಹೇಳ್ರಿ."

‘ಇವ’ ಎಂದರೆ ಆರತಿಯ ಅಣ್ಣ ಧರ್ಮರಾಜ. ಕಾತ್ರಜದಲ್ಲಿರುತ್ತಾನೆ, ಮನೆಗಳ ನೆಲಕ್ಕೆ ಫರಸಿ ಕಲ್ಲು ಕೂಡಿಸುತ್ತಾನೆ. ಅವನ ಹೆಂಡತಿ ನೀತಾ ಸೊಲ್ಲಾಪುರದ ತವರಿನಲ್ಲಿ ಹಡೆದಾಗ ಅವನು ಕೂಸಿನ ಫೋಟೋವನ್ನು ತಂಗಿಗೆ ಕಳಿಸಿದ. ಆರತಿ ಸಂತೋಷದಿಂದ ಏನೋ ಬರೆದು ಕಳಿಸಿದಳು, ಸರಿಯಾಗಲಿಲ್ಲವೆಂದು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಹೀಗೆ ನಾಲ್ಕು ಸಲ. ಕೊನೆಗೆ ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾದಳು. ಅಣ್ಣನ ಫೋನಿನಲ್ಲಿ ಮಾತ್ರ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ನಾಲ್ಕು ಸಲ ಉಳಿದುಕೊಂಡಿತು. ಹೆಣ್ಣು ಹುಟ್ಟಿತೆಂದು ತಂಗಿ ಆಡಬಾರದ್ದೇನನ್ನೋ ಆಡಿ ಅಳಿಸಿದ್ದಾಳೆಂದು ಅವನು ತಿಳಿದ. ‘ಗೊತ್ತಾಯ್ತು ಬಿಡು’ ಎಂದು ಬರೆದ. ಆಮೇಲೆ ಮೂರು ತಿಂಗಳು ಒಂದು ಅಕ್ಷರವಿಲ್ಲ. ಬಾಯಿಂದ ಆಡಿದ ಜಗಳವಾಗಿದ್ದರೆ ಯಮನವ್ವನ ಕಿವಿಗೆ ಬೀಳುತ್ತಿತ್ತು. ಇದು ಅವಳಿಗೆ ಕೇಳಿಸಲೇ ಇಲ್ಲ.

ನನ್ನ ಚಷ್ಮಾದ ಕಡ್ಡಿ ಸಡಿಲಾಗಿತ್ತು. ಅದೇ ನೆಪದಲ್ಲಿ ಅಂಗಡಿಗೆ ಹೋದೆ. ಆರತಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

"ಫೋನ್ ಹಚ್ಚಿ ಮಾತಾಡಬಾರದೇನವ್ವ?"

"ಹಚ್ಚಿ ಏನ್ ಅನ್ಲಿ ಸರ್? ಬಾಯಿಂದ ಒಮ್ಮಿ ಹೋತಂದ್ರ ಅಳಸಾಕ ಬರಂಗಿಲ್ಲ."

ಹಣದ ಗಲ್ಲೆಯ ಕೆಳಗಿನ ಖಾನೆಯಿಂದ ಒಂದು ಚೀಲ ತೆಗೆದಳು. ಒಳಗೆ ಕೂಸಿನ ತಲೆಗೂ ಬೆನ್ನಿಗೂ ಹೊದಿಸುವ ಕೆಂಪು ಕುಂಚಿಗೆ. ಸೋದರತ್ತೆ ತರಬೇಕಾದದ್ದು. ಕೂಸು ಹುಟ್ಟಿದ ವಾರದಲ್ಲೇ ಹೊಲಿಸಿದ್ದಳಂತೆ.

"ಇದನ್ನರೆ ಕೊಟ್ಟು ಬಾ. ಮಾತು ಬರದಿದ್ದರ ಬ್ಯಾಡ" ಎಂದೆ.

ರವಿವಾರ ಯಮನವ್ವ ನನ್ನನ್ನೂ ಬಿಡಲಿಲ್ಲ. ಮೂವರೂ ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಕಾತ್ರಜಕ್ಕೆ ಹೋದೆವು. ಧರ್ಮರಾಜನ ಮನೆ ಎರಡನೆಯ ಮಹಡಿಯಲ್ಲಿ. ಯಮನವ್ವ ಮುಂದೆ ಹತ್ತಿದಳು. ಆರತಿ ಮೆಟ್ಟಿಲ ಬುಡದಲ್ಲೇ ನಿಂತು ಫೋನು ತೆಗೆದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಾನು ಪಕ್ಕದಲ್ಲಿ ಕುಂಚಿಗೆಯ ಚೀಲ ಹಿಡಿದು ನಿಂತಿದ್ದೆ.

ಮೇಲಿನ ಕಟಾಂಜನದಿಂದ ಒಂದು ತಲೆ ಬಗ್ಗಿತು. ಧರ್ಮರಾಜ. ಕೈಯಲ್ಲಿ ಫೋನು.

"ಟೈಪಿಂಗ್, ಟೈಪಿಂಗ್ ಅಂತ ತೋರಸ್ತದ, ಏನೂ ಬರವಲ್ದು! ಇನ್ನೂ ಎಷ್ಟ ಅಳಸ್ತಿ? ಅವತ್ತ ಅಳಸಿದ್ದು ಏನಿತ್ತು, ಬಾಯಿಲೆ ಹೇಳು!"

ನೆರೆಯವರು ಬಾಗಿಲಿಗೆ ಬಂದರು. ಆರತಿ ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೂಗಿದಳು:

"ಕೂಸಿನ ಮೂಗು ನಮ್ಮಜ್ಜಿ ಮೂಗಿನಂಗೇ ಮೊಂಡ ಅದ ಅಂತ ಬರ್ದಿದ್ನಿ! ನೀತಾ ವೈನಿಗಿ ಸಿಟ್ಟ ಬಂದೀತಂತ ಅಳಸ್ದೆ! ನಾಲ್ಕು ಸಲಾನೂ ಅದನ್ನೇ ಬರ್ದಿದ್ನಿ!"

ಧರ್ಮರಾಜ ಫೋನನ್ನು ಕಿಸೆಗೆ ಹಾಕಿದ. ತಾಯಿ ಕಟ್ಟಡದ ಕೆಲಸಕ್ಕೆ ಹೋದಾಗ ಇಬ್ಬರನ್ನೂ ಸಾಕಿದವಳು ಆ ಅಜ್ಜಿಯೇ. ಹಿಂದಿನಿಂದ ನೀತಾಳ ನಗು ಕೇಳಿತು. "ನಾನೂ ಅದನ್ನೇ ಅಂದೀನಿ. ಬಾ ಮ್ಯಾಲ, ಕೂಸು ಹಸದದ."

ತೊಟ್ಟಿಲ ಬಳಿ ಆರತಿಯನ್ನು ಕೂಡಿಸಿದರು. ಹೆಸರನ್ನು ನೀತಾ ಅವಳ ಕಿವಿಯಲ್ಲಿ ಹೇಳಿದಳು. ಹೆಸರು ಹೇಳಿದೊಡನೆ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಹೆಂಗಸರೆಲ್ಲ ಮುಷ್ಟಿ ಕಟ್ಟಿ ಹಿಂದೆ ನಿಂತರು. ಅವಳು ಕುಂಚಿಗೆ ಹಾಕಿದ ಕೂಸಿನ ಕಿವಿಗೆ ಬಾಗಿ ವಾಡಿಕೆಯಂತೆ "ಕುರ್ರ್" ಎಂದು ಮೂರು ಸಲ ಕೂಗಿದಳು. "ಅನು..." ಎನ್ನುವಷ್ಟರಲ್ಲಿ ಅತ್ತುಬಿಟ್ಟಳು. ಹೆಸರು ಅರ್ಧಕ್ಕೆ ನಿಂತಿತು.

"ಏ, ಕೂಸಿಗಿ ಕೇಳಿಲ್ಲ, ಮತ್ತ ಹೇಳ!" ಎಂದು ಇಂದೂ ಮೊದಲ ಗುದ್ದು ಕೊಟ್ಟೇಬಿಟ್ಟಳು. ಎಲ್ಲರೂ ನಕ್ಕರು. ಆರತಿಯೂ ನಕ್ಕಳು, ಮೂಗು ಒರೆಸಿಕೊಂಡಳು, ಮತ್ತೆ ಬಾಗಿದಳು.

"ಅನುಸೂಯಾ." ಅವಳನ್ನು ಸಾಕಿದ ಅಜ್ಜಿಯ ಹೆಸರು.

ಗುದ್ದುಗಳ ಮಳೆಯಾಯಿತು. ಗಂಡಸರು ಗುದ್ದುವ ಪದ್ಧತಿಯಿಲ್ಲ. ಆದರೂ ಧರ್ಮರಾಜ ಹೆಂಗಸರ ನಡುವೆ ನುಗ್ಗಿ, "ಇದು ಮೂರು ತಿಂಗಳಿಂದು" ಎಂದು ಒಂದು ಗುದ್ದಿದ.

"ಸಾಕೋ ಅಣ್ಣಾ!" ಎಂದು ಆರತಿ ಚೀರಿದ್ದು ಕೆಳಗಿನ ಅಂಗಳದವರೆಗೂ ಕೇಳಿರಬೇಕು.