ದೂರ ನಿಲ್ಲಿಸುವ ಲೆನ್ಸ್

ಚಿನ್ನೀ, ಗುಂಡ್ಯಾ, ನಿಮ್ಮವ್ವನ ಉದ್ದ ಲೆನ್ಸಿನ ಕ್ಯಾಮೆರಾ ಕಣ್ಣಿಗೆ ಹಿಡಿದು ನೀವು ಅಂಗಳದಲ್ಲಿ ಹಿಂದುಹಿಂದಕ್ಕೆ ನಡೆಯುವಾಗ ನಾನು ಗದರುತ್ತೇನೆ. ಲೆನ್ಸ್ ಬಿದ್ದು ಒಡೆದೀತೆಂದು ಆಯಿಗೆ ಅಂಜಿಕೆ ಎಂದುಕೊಂಡು ನೀವು ನಗುತ್ತೀರಿ. ಒಡೆದರೆ ಒಡೆಯಲಿ. ಆ ಲೆನ್ಸ್ ಕೊಳ್ಳುವ ದಿನ ನಾನು ನಿಮ್ಮವ್ವನನ್ನೇ ಕಳೆದುಕೊಳ್ಳುತ್ತಿದ್ದೆ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಹಳ್ಳಿ ಸಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ನಿಮ್ಮ ಮುತ್ಯಾನನ್ನು ನೀವು ನೋಡಿಲ್ಲ. ಸೇಡಂನಲ್ಲಿ ನಿಮ್ಮವ್ವ ಈಗ ನಡೆಸುತ್ತಿರುವ ಫೋಟೊ ಸ್ಟುಡಿಯೊ ಅವರದೇ. ಆ ಕೋಣೆ ಎಷ್ಟು ಚಿಕ್ಕದೆಂದು ನಿಮಗೆ ಗೊತ್ತು. ಅವರ ಹಳೆಯ ಕ್ಯಾಮೆರಾಕ್ಕೆ ಇದ್ದದ್ದು ಒಂದೇ ಲೆನ್ಸ್. ತಿರುಗಿಸಿ ಹತ್ತಿರ ದೂರ ಮಾಡಲು ಬರುತ್ತಿರಲಿಲ್ಲ. ಚಿತ್ರದಲ್ಲಿ ಮಂದಿ ಹಿಡಿಸದಿದ್ದರೆ ತಾವೇ ಹಿಂದೆ ಸರಿಯಬೇಕು. ಕಣ್ಣು ಕ್ಯಾಮೆರಾದಲ್ಲಿ, ಕಾಲು ಹಿಂದಕ್ಕೆ, ಬೆನ್ನು ಗೋಡೆಗೆ ತಾಗಿದ ಮೇಲೆ ಉಸಿರು ಹಿಡಿದು ಗುಂಡಿ ಒತ್ತುವುದು. ಅವರ ಅಂಗಿಗಳ ಬೆನ್ನಿಗೆಲ್ಲ ಗೋಡೆಯ ಸುಣ್ಣ ಹತ್ತಿರುತ್ತಿತ್ತು. ಒಗೆಯುವವಳು ನಾನು, ಹಾಗಾಗಿ ಮರೆತಿಲ್ಲ. ನಿಮ್ಮವ್ವ ಕೆಲಸ ಕಲಿತದ್ದು ಅದೇ ಕೋಣೆಯಲ್ಲಿ, ಅದೇ ರೀತಿಯಲ್ಲಿ. ನಾನು ಒಳಗೆ ಕುಳಿತು ಫೋಟೊಗಳ ಅಂಚು ಕತ್ತರಿಸುತ್ತಿದ್ದೆ. ಕತ್ತರಿಸುತ್ತ ಕತ್ತರಿಸುತ್ತ, ಒಂದು ಚಿತ್ರ ನೋಡಿದರೆ ತೆಗೆದವರು ಎಷ್ಟು ದೂರದಲ್ಲಿ ನಿಂತಿದ್ದರು ಎಂಬುದು ನನಗೆ ತಿಳಿಯತೊಡಗಿತು.

ಆ ತಿಳಿವಳಿಕೆಯೇ ನನ್ನ ನೆಮ್ಮದಿ ಕೆಡಿಸಿತು. ನಿಮ್ಮ ಮುತ್ಯಾ ಹೋದ ಮೇಲೆ ನಿಮ್ಮವ್ವನಿಗೆ ಪ್ರಾಣಿಗಳ ಚಿತ್ರದ ಹುಚ್ಚು ಹಿಡಿಯಿತು. ಮದುವೆಯ ಕೆಲಸ ಇಲ್ಲದ ದಿನ ಸ್ಕೂಟರ್ ಹತ್ತಿ ಚಿಂಚೋಳಿ ಕಾಡಿಗೆ ಹೋಗುತ್ತಿದ್ದಳು. ಒಂದು ಸಂಜೆ ಕಂಪ್ಯೂಟರಿನಲ್ಲಿ ಕಾಡುಹಂದಿಯ ಚಿತ್ರ ತೋರಿಸಿದಳು. ಹಂದಿ, ಅದರ ಹಿಂದೆ ಪಟ್ಟೆಪಟ್ಟೆಯ ಮರಿಗಳು. ನೋಡಿದವರೆಲ್ಲ ಹೊಗಳಿದರು. ನಾನು ಹಂದಿಯ ಕಣ್ಣು ನೋಡಿದೆ. ಅದು ನೇರ ನಿಮ್ಮವ್ವನನ್ನೇ ನೋಡುತ್ತಿತ್ತು, ಬೆನ್ನಿನ ಕೂದಲು ಎದ್ದು ನಿಂತಿತ್ತು. ಅವಳ ಹತ್ತಿರ ಇದ್ದದ್ದು ಕ್ಯಾಮೆರಾದ ಜೊತೆಗೇ ಬಂದ ಗಿಡ್ಡ ಲೆನ್ಸ್. ಅದರಲ್ಲಿ ಹಂದಿ ಅಷ್ಟು ದೊಡ್ಡದಾಗಿ ಬರಬೇಕಾದರೆ, ನಮ್ಮ ಅಡುಗೆಮನೆಯ ಒಲೆಗೂ ಬಾಗಿಲಿಗೂ ಇರುವಷ್ಟೇ ದೂರದಲ್ಲಿ ಅವಳು ನಿಂತಿರಬೇಕು. ಮರಿ ಹಾಕಿದ ಹಂದಿ ಅಷ್ಟು ದೂರವನ್ನು ಒಂದೇ ಜಿಗಿತಕ್ಕೆ ದಾಟುತ್ತದೆ.

"ಎಷ್ಟ್ ದೂರ ನಿಂತಿದ್ದಿ?" ಎಂದೆ.

"ಭಾಳ ದೂರ ಇದ್ದೆ ಬಿಡವ್ವಾ."

"ನನಗ ಹೇಳ್ತಿ ಏನ?"

ಅವಳು ನಕ್ಕು ಬೇರೆ ಚಿತ್ರ ತೋರಿಸಿದಳು. ಅಂದಿನಿಂದ ಅವಳ ಸ್ಕೂಟರ್ ಓಣಿ ದಾಟಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೋಗಬೇಡ ಎನ್ನಲು ಮನಸ್ಸು ಬರಲಿಲ್ಲ. ಕಾಡಿನಿಂದ ಬಂದ ದಿನ ಅವಳ ಮುಖ ನೋಡಿದ್ದರೆ ನಿಮಗೂ ಬರುತ್ತಿರಲಿಲ್ಲ. ಹೋಗಲಿ, ದೂರ ನಿಲ್ಲಲಿ. ನನಗೆ ಬೇಕಾಗಿದ್ದದ್ದು ಅಷ್ಟೇ. ಹಾಗಾಗಿ ಲೆನ್ಸ್ ಬದಲಿಸಬೇಕೆಂದು ಅವಳೇ ಒಂದು ದಿನ ಅಂದಾಗ ದೇವರೇ ಅವಳಿಂದ ಅನ್ನಿಸಿದನೆಂದುಕೊಂಡೆ.

ಅವಳ ಲೆಕ್ಕ ಬೇರೆ ಇತ್ತು. ಊರೂರು ತಿರುಗುವಾಗ ಕೋಟೆ, ಹೊಳೆ, ಸಂತೆ ಎಲ್ಲ ಹಿಡಿಸುವಂಥದೂ ಬೇಕು, ಪ್ರಾಣಿಗೆ ಉದ್ದದ್ದೂ ಬೇಕು. ಎರಡನ್ನೂ ಕೊಳ್ಳಲಾಗುವುದಿಲ್ಲ. ಮಳಖೇಡದ ಕೋಟೆಗೆ ಗಿಡ್ಡದ್ದೇ ಸಾಕು, ಕೋಟೆ ಮೈಮೇಲೆ ಬೀಳುವುದಿಲ್ಲ ಎಂದು ನಾನು ಅಂದೆ. ಅವಳು ತುಂಬ ಹೊತ್ತು ನಕ್ಕಳು, ಕಡೆಗೆ ಒಪ್ಪಿದಳು.

ವಾಡಿಯಲ್ಲಿ ನಿಮ್ಮ ಮುತ್ಯಾನ ಹಳೆಯ ಗೆಳೆಯರೊಬ್ಬರು ಕ್ಯಾಮೆರಾ ರಿಪೇರಿ ಮಾಡುತ್ತಾರೆ, ಬಳಸಿದ ಲೆನ್ಸ್‌ಗಳನ್ನೂ ಮಾರುತ್ತಾರೆ. ನಿಮ್ಮವ್ವ ಅವರಿಗೆ ಚಾಚಾ ಎನ್ನುತ್ತಾಳೆ. ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಚಿತ್ತಾಪುರದ ಮೇಲೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಹೋದೆವು. ನಾನು ಸೆರಗು ಎಳೆದುಕೊಂಡು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕುಳಿತೆ.

ಚಾಚಾ ಎರಡು ಲೆನ್ಸ್ ಮುಂದಿಟ್ಟರು. ಒಂದು, ನೂರರಿಂದ ನಾನೂರು ಮಿಲಿಮೀಟರ್‌ವರೆಗೆ ತಿರುಗಿಸುವ ಜೂಮ್. ಇನ್ನೊಂದು ಐನೂರರದು, ತಿರುಗಿಸಲು ಬರುವುದಿಲ್ಲ, ಇದ್ದಷ್ಟೇ. ಮಗುವಿನ ತೂಕ.

"ಬೇಟಿ, ಇದು ಲೆನ್ಸ್ ಅಲ್ಲ, ತೋಪು. ಮಳಖೇಡ ಕೋಟಿ ಮ್ಯಾಗ ಇಡೋದು," ಎಂದು ಐನೂರರದನ್ನು ಎತ್ತಿದರು.

"ಇದು ಹೊತ್ಕೊಂಡ್ ಹೋದ್ರ ಪ್ರಾಣಿ ಎಲ್ಲಾ ಓಡಿ ಹೋಗ್ತಾವ ಚಾಚಾ."

"ಓಡ್ಲಿ ಬಿಡು. ಚಿಂಚೋಳಿ ದಾಟೋ ತನಕ ಇದರಾಗ ಕಾಣ್ತಾವ."

ನಿಮ್ಮವ್ವ ಒಂದನ್ನು ಹಿಡಿದಳು, ಇನ್ನೊಂದನ್ನು ಹಿಡಿದಳು. ಜೂಮ್ ಹಗುರ, ಆದರೆ ಬೆಳಕು ಕಡಿಮೆಯಾದರೆ ಕಷ್ಟ. ಐನೂರರದರಲ್ಲಿ ಕೂದಲು ಕೂದಲೂ ಎಣಿಸುವಂತೆ ಬರುತ್ತದೆ. ಅವಳಿಗೆ ತೀರ್ಮಾನವಾಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಭಾಯಿ, ಯಾವುದು ಹೆಚ್ಚು ದೂರ ನಿಲ್ಲಸ್ತದರಿ?" ಎಂದೆ.

ಚಾಚಾ ಸ್ಕ್ರೂ ಡ್ರೈವರ್ ಕೆಳಗಿಟ್ಟರು. "ಯಾ ಅಲ್ಲಾ, ಭಾಭಿ ಬಾಯಿ ತೆಗದ್ರು! ಇವತ್ತ ಚಾ ನನ್ ಕಡಿಂದ." ಆಮೇಲೆ ಹೇಳಿದರು, "ದೂರಕ್ಕ ಐನೂರೇ ಬರೋಬ್ಬರಿ. ಒಂದೇ ತೊಂದ್ರಿ ಅದರಿ. ಹತ್ರದ್ದು ಇದಕ್ಕ ಕಾಣಲ್ಲ. ಹತ್ರ ಬಂತಂದ್ರ ಎಲ್ಲಾ ಮಬ್ಬು."

ಹತ್ತಿರದ್ದು ಕಾಣುವುದಿಲ್ಲವೆಂದರೆ ಹತ್ತಿರ ಹೋಗುವಂತೆಯೇ ಇಲ್ಲ! ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. "ಅದೇ ತಗೋ ಯವ್ವಾ," ಎಂದೆ. ನಾನು ಎಂದೂ ಹೀಗೆ ಹೇಳಿದವಳಲ್ಲವಾದ್ದರಿಂದ ಅವಳು ಐನೂರರದನ್ನೇ ಎತ್ತಿಕೊಂಡಳು. "ಇವತ್ತ ಒಯ್ದು ನೋಡ್ರಿ. ಸಂಜಿಮುಂದ ಹೇಳ್ರಿ," ಎಂದರು ಚಾಚಾ.

ಕೆಲವೇ ದಿನಗಳ ಹಿಂದೆ ಶಹಾಬಾದಿನ ಮದುವೆಯೊಂದಕ್ಕೆ ಹೋದಾಗ, ಹತ್ತಿರದ ಹಾಳು ಖಣಿಯಲ್ಲಿ ನರಿ ಮರಿ ಹಾಕಿದೆ ಎಂದು ಅಲ್ಲಿಯವರು ನಿಮ್ಮವ್ವನಿಗೆ ಹೇಳಿದ್ದರು. ಲೆನ್ಸ್ ಪರೀಕ್ಷಿಸಲೆಂದು ವಾಡಿಯಿಂದ ಆಟೊ ಹಿಡಿದು ಅಲ್ಲಿಗೆ ಹೋದೆವು. ಖಣಿಗಳನ್ನು ನೀವು ರೈಲಿನಿಂದ ನೋಡಿದ್ದೀರಿ. ಹಾಸುಗಲ್ಲು ತೆಗೆದು ತೆಗೆದು ಬಿಟ್ಟ ಗುಂಡಿಗಳು, ಗೋಡೆ ಕಡಿದಂತೆ ನೇರ, ತಳದಲ್ಲಿ ಹಸಿರು ನೀರು. ಎರಡು ಗುಂಡಿಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲದ ಕಲ್ಲಿನ ದಿಂಡು ಉಳಿದಿತ್ತು. ದಿಂಡಿನ ಆ ತುದಿಯಲ್ಲಿ ಒಡೆದ ಕಲ್ಲಿನ ರಾಶಿ. ಅದರೊಳಗೆ ನರಿಯ ಬಿಲ. ಈ ತುದಿ ಒಮ್ಮೆಲೇ ಮುರಿದು, ಅಲ್ಲಿಂದ ಕೆಳಗೆ ನೀರು. ನಾವು ಪಕ್ಕದಲ್ಲಿ ಕುಸಿದಿದ್ದ ಇಳಿಜಾರಿನಿಂದ ಹತ್ತಿ ದಿಂಡಿನ ನಡುವಿಗೆ ಬಂದೆವು. ನನಗೆ ಈಜು ಬರುವುದಿಲ್ಲ, ನಿಮ್ಮವ್ವನಿಗೂ ಬರುವುದಿಲ್ಲ. ಕಲ್ಲಿನ ಮೇಲೆ ಕುಳಿತು ಎರಡೂ ಕೈಯಿಂದ ಅದನ್ನೇ ಹಿಡಿದುಕೊಂಡೆ.

"ಅವ್ವಾ, ಕಲ್ಲು ಎಲ್ಲೂ ಓಡಿ ಹೋಗಲ್ಲ. ಬಿಡು ಅದನ್ನ."

"ನೀ ನಿನ್ನ ಕೆಲಸ ನೋಡು."

ಅವಳು ಒಂಟಿಗಾಲಿನ ಸ್ಟ್ಯಾಂಡಿನ ಮೇಲೆ ಲೆನ್ಸ್ ಇಟ್ಟು ನಿಂತಳು. ಬಿಸಿಲು ಇಳಿಯತೊಡಗಿದಾಗ ರಾಶಿಯಿಂದ ಒಂದು ಮೂಗು ಹೊರಗೆ ಬಂತು, ಆಮೇಲೆ ಎರಡು ಕಿವಿ. ಮರಿಗಳು. ಒಂದು ಅಲ್ಲೇ ಕುಳಿತುಕೊಂಡಿತು. ಇನ್ನೊಂದು, ಈ ಉದ್ದ ಕರಿಯ ವಸ್ತು ಏನೆಂದು ನೋಡಲೋ ಏನೋ, ನೇರ ನಿಮ್ಮವ್ವನ ಕಡೆ ಬಂತು. ಪ್ರಾಣಿ ತಾನೇ ಹತ್ತಿರ ಬಂದೀತೆಂದು ನಾನು ಎಣಿಸಿರಲಿಲ್ಲ. ಮಬ್ಬಾಗಿರಬೇಕು, ಅವಳು ಸ್ಟ್ಯಾಂಡ್ ಎತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. ಮರಿ ಮುಂದೆ ಬಂತು. ಅವಳು ಮತ್ತೆ ಹಿಂದೆ ಸರಿದಳು. ಕಣ್ಣು ಕ್ಯಾಮೆರಾದಲ್ಲೇ ಇತ್ತು.

ಆ ನಡಿಗೆ ನನಗೆ ಗೊತ್ತಿತ್ತು. ಬೆನ್ನು ಗೋಡೆಗೆ ತಾಗುವವರೆಗೂ ಅವಳು ನಿಲ್ಲುವುದಿಲ್ಲ.

ಕೂಗಬೇಕೆಂದು ಬಾಯಿ ತೆಗೆದೆ. ದನಿ ಬರಲಿಲ್ಲ. ಬಂದಿದ್ದರೂ, ಅವಳು ಬೆಚ್ಚಿ ತಿರುಗಿ, ಆ ಭಾರ ಅವಳನ್ನು ಎಳೆದುಕೊಂಡು ಹೋದರೆ? ಎದ್ದೆ. ಚಪ್ಪಲಿ ಜಾರೀತೆಂದು ಬಿಟ್ಟು, ಅವಳನ್ನು ಬಳಸಿ, ಅವಳಿಗೂ ಅಂಚಿಗೂ ನಡುವೆ ಉಳಿದಿದ್ದ ಜಾಗಕ್ಕೆ ಹೋದೆ. ನನ್ನ ಹಿಮ್ಮಡಿಯ ಹಿಂದೆ ಎಷ್ಟು ಕಲ್ಲು ಉಳಿದಿತ್ತೆಂದು ನೋಡಲಿಲ್ಲ. ನೋಡಿದ್ದರೆ ನಾನೇ ಬೀಳುತ್ತಿದ್ದೆ. ಕಾಲು ಅಗಲಿಸಿ, ಬಗ್ಗಿ, ಎರಡೂ ಅಂಗೈ ಅವಳ ಬೆನ್ನಿಗೆ ಒತ್ತಿದೆ.

ಅವಳು ನಿಂತಳು. ನಿಂತವಳು ಗೋಡೆಗೆ ಒರಗುವ ಹಾಗೆ ನನ್ನ ಕೈಗೆ ಒರಗಿದಳು. ಪುಡಿಕಲ್ಲೊಂದು ಕಾಲಿನ ಹಿಂದಿನಿಂದ ಜಾರಿ, ಸ್ವಲ್ಪ ಹೊತ್ತಿನ ಮೇಲೆ ನೀರಿಗೆ ಬಿದ್ದ ಸದ್ದು ಕೇಳಿತು. ಅವಳು ಉಸಿರು ಹಿಡಿದು ಗುಂಡಿ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಮರಿ ಬಾಲ ತಿರುಗಿಸಿ ಓಡಿತು.

"ಎಂಥಾ ಮಸ್ತ್ ಬಂತು ಅವ್ವಾ!" ಎಂದು ಕತ್ತು ಹೊರಳಿಸಿದಳು. ನನ್ನ ಮುಖ ನೋಡಿದಳು. ನನ್ನ ಭುಜದ ಆಚೆ ನೋಡಿದಳು. ಅವಳ ತುಟಿ ಬಿಳಿಚಿತು.

"ಅವ್ವಾ, ನೀ ಎಲ್ಲಿ ನಿಂತೀ?"

"ಗ್ವಾಡಿ ಇರಲಿಲ್ಲ. ಅದಕ್ಕ ನಾ ನಿಂತೆ. ಮುಂದ ನಡಿ. ನಡಿ ಅಂತೀನಿ."

ಅವಳು ಮುಂದೆ ನಡೆದು, ಲೆನ್ಸ್ ಅನ್ನು ನೆಲದ ಮೇಲೆ ಇಟ್ಟು, ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಇಬ್ಬರೂ ದಿಂಡಿನ ನಡುವೆ ಕುಳಿತುಬಿಟ್ಟೆವು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನನಗೆ ಅಳುವೂ ಬರಲಿಲ್ಲ. ಆಟೊದವನು ದಾರಿಯಿಂದ ಕೂಗಿದ್ದು ಕೇಳಿಸಿದರೂ ಏಳಲು ಆಗಲಿಲ್ಲ.

ವಾಡಿಗೆ ಮರಳಿದಾಗ ಚಾಚಾ ಕೇಳಿದರು, "ಯಾಕ ಬೇಟಿ, ತೋಪು ಹಾರಲಿಲ್ಲೇನು?"

"ಹಾರ್ತು ಚಾಚಾ. ಭಾಳ ಛಂದ ಹಾರ್ತು. ಆದ್ರ ನನಗ ಕಾಲು ಕದಲಸದೇ ಕೈಯಾಗೇ ಹತ್ರ ದೂರ ಮಾಡೋದು ಬೇಕು. ಜೂಮ್ ಕೊಡ್ರಿ."

ಚಾಚಾ ನನ್ನ ಕಡೆ ನೋಡಿದರು. ಐನೂರಕ್ಕಿಂತ ನಾನೂರು ಅವಳನ್ನು ಪ್ರಾಣಿಗೆ ಇನ್ನಷ್ಟು ಹತ್ತಿರ ಒಯ್ಯುತ್ತದೆ ಎಂದು ನನಗೆ ಗೊತ್ತಿತ್ತು. ಹಂದಿಯ ಕಣ್ಣು ನೆನಪಾಯಿತು, ಖಣಿಯ ಹಸಿರು ನೀರೂ ನೆನಪಾಯಿತು. ತಲೆ ಆಡಿಸಿದೆ.

ಈಗ ನಿಮ್ಮವ್ವ ಚಿಂಚೋಳಿಗೆ ಹೊರಟರೆ ನಾನೂ ಸ್ಕೂಟರಿನ ಹಿಂದೆ ಕೂರುತ್ತೇನೆ. ಕಾಡೆಂದರೆ ನನಗೆ ಪ್ರತಿ ಎಲೆಗೂ ಅಂಜಿಕೆ. ಆದರೂ ಅವಳು ಮುಂದೆ ನೋಡುವಾಗ ನಾನು ಅವಳ ಹಿಂದೆ ಇರುವುದನ್ನು ನೋಡುತ್ತೇನೆ: ತಗ್ಗು, ಬೇರು, ಹುತ್ತ. ನನ್ನ ಮೊಣಕಾಲು ಈಚೆಗೆ ಏರು ಹತ್ತಲು ಒಪ್ಪುತ್ತಿಲ್ಲ. ನಾನು ಹೋಗಲಾರದ ದಿನ ನಿಮ್ಮಲ್ಲಿ ಒಬ್ಬರು ಅವಳ ಜೊತೆ ಹೋಗಬೇಕು. ಅವಳು ಬೇಡ ಎನ್ನುತ್ತಾಳೆ, ಹೋಗಿ.

ಈ ಹಾಳೆಗಳನ್ನು ಲೆನ್ಸ್ ಇಡುವ ಪೆಟ್ಟಿಗೆಯಲ್ಲೇ ಇಡಿ. ತೇವ ಹೀರುವ ಪುಡಿಯ ಪೊಟ್ಟಣಗಳು ಅಲ್ಲಿರುತ್ತವೆ, ಕಾಗದ ಮುಗ್ಗುವುದಿಲ್ಲ. ಪುಡಿ ಹಳೆಯದಾದರೆ ಬದಲಿಸಿ, ಹಾಳೆ ಮಾತ್ರ ತೆಗೆಯಬೇಡಿ.